ಸೋಮವಾರದ ನಡಿಗೆಯ ಗ್ರೇಸಿ

ನೆವಾಡಾದ ಪೂರ್ವದಂಚಿನ ಹಾಲಿಸ್ ವೆಲ್ಸ್ ಎಂಬ ಊರಿನಲ್ಲಿ ಹೆಂಗಸರ ತಲೆಗಳೆಲ್ಲ ಗ್ರೇಸಿಯ ಕೈಯಲ್ಲಿದ್ದವು. ಅವಳ ಪೂರ್ತಿ ಹೆಸರು ಗ್ರಾಸಿಯಾನಾ ಎಚೆವೆರಿ ಪ್ರೂಯಿಟ್. ಅಷ್ಟುದ್ದ ಹೆಸರು ಹಿಡಿದು ಕರೆಯುವ ಪುರುಸೊತ್ತು ಇದ್ದವರೂ ಹಾಗೆ ಕರೆಯುತ್ತಿರಲಿಲ್ಲ. ಅಂಚೆ ಕಚೇರಿಯ ಪಕ್ಕದಲ್ಲಿ ಅವಳ ಬ್ಯೂಟಿ ಪಾರ್ಲರ್. ಅಲ್ಲಿ ಎರಡು ಕುರ್ಚಿ, ತಲೆಯ ಮೇಲೆ ಕವಚುವ ಎರಡು ದೊಡ್ಡ ಡ್ರೈಯರ್, ಗೋಡೆಯ ಮೇಲೆ ಕುರಿಮಂದೆಯ ಜೊತೆ ನಿಂತ ಅಜ್ಜನ ಫೋಟೊ. ಬಾಸ್ಕ್ ಸೀಮೆಯಿಂದ ಹಡಗು ಹತ್ತಿ ಬಂದು, ಇಲ್ಲಿ ಕಂಡವರ ಕುರಿ ಕಾಯ್ದು ಬದುಕಿದ ಅಜ್ಜ. ಅವನನ್ನು ಅವಳು 'ಐತಾಚಿ' ಎನ್ನುತ್ತಿದ್ದಳು. ಅವರ ಮಾತಿನಲ್ಲಿ ಅಜ್ಜನಿಗೆ ಹಾಗೆ.

ಗಂಡನ ಹೆಸರು ಲಮಾರ್. ಕೌಂಟಿಯ, ಎಂದರೆ ಜಿಲ್ಲೆಯ, ರಸ್ತೆ ಇಲಾಖೆಯಲ್ಲಿ ಅವನು ಮಣ್ಣು ಸಮ ಮಾಡುವ ಗ್ರೇಡರ್ ಓಡಿಸುತ್ತಿದ್ದ. ಹಳದಿ ಬಣ್ಣದ, ಹೊಟ್ಟೆಯ ಕೆಳಗೆ ಉದ್ದನೆಯ ಬ್ಲೇಡು ಕಟ್ಟಿಕೊಂಡ ಆ ಯಂತ್ರದ ಮೇಲೆ ಕೂತರೆ ಅವನು ರಾಜ. ಅವನು ಎಳೆದುಹೋದ ಮಣ್ಣುರಸ್ತೆಯಲ್ಲಿ ಲೋಟದಲ್ಲಿಟ್ಟ ಕಾಫಿಯೂ ಅಲುಗುವುದಿಲ್ಲ ಎಂದು ಜನ ಹೊಗಳುತ್ತಿದ್ದರು. "ಹೆಂಡ್ತಿ ಜನರ ತಲೆ ಬಾಚ್ತಾಳೆ, ಗಂಡ ನೆಲದ ತಲೆ ಬಾಚ್ತಾನೆ" ಎಂಬುದು ಊರಿನ ಹಳೆಯ ತಮಾಷೆ. ಆ ತಮಾಷೆ ಕೇಳಿ ಇಬ್ಬರಿಗೂ ಸಾಕಾಗಿಹೋಗಿತ್ತು, ಆದರೂ ನಗುತ್ತಿದ್ದರು.

ಗ್ರೇಸಿಗೆ ನಡೆಯುವುದೆಂದರೆ ಆಗುತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ದಿನವಿಡೀ ನಿಂತು ಕೆಲಸ ಮಾಡುವವಳಿಗೆ ಬಿಡುವಿನ ದಿನ ಕಾಲು ಮೇಲಿಟ್ಟು ಕೂರುವುದೇ ಸುಖ. ಎದುರಿನ ದಿನಸಿ ಅಂಗಡಿಗೂ ಅವಳು ಕಾರಿನಲ್ಲೇ ಹೋಗುತ್ತಿದ್ದಳು. ಅಂಥವಳು ಐವತ್ತೈದು ದಾಟಿದ ಮೇಲೆ ಬೆಟ್ಟ ಹತ್ತಿದ್ದು ಮೆರೆಡಿತ್ ಎಂಬ ಹುಡುಗಿಯ ದೆಸೆಯಿಂದ.

ಒಂದು ವಸಂತದ ಮಧ್ಯಾಹ್ನ ಆ ಹುಡುಗಿ ಪಾರ್ಲರಿನ ಬಾಗಿಲು ತಳ್ಳಿಕೊಂಡು ಬಂದಳು. ರೀನೋ ಊರಿನವಳು, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು, ಕೂದಲನ್ನು ತಾನೇ ಕತ್ತರಿಸಿಕೊಂಡಂತಿತ್ತು. ಊರಿನ ಹಿಂದಿನ ಪೈಪ್‌ಸ್ಟೆಮ್ ಬೆಟ್ಟಸಾಲು ಪೂರ್ತಿ ಕೇಂದ್ರ ಸರ್ಕಾರದ ನೆಲ. ಅದರೊಳಗೆ ಈವರೆಗೆ ಒಂದೂ ರಸ್ತೆ ಹೋಗಿಲ್ಲ. ಅದನ್ನು ವನ್ಯಭೂಮಿ ಎಂದು ಘೋಷಿಸಿ, ಕಾಲ್ನಡಿಗೆಯವರಿಗೂ ಕುದುರೆಗಳಿಗೂ ಬಿಟ್ಟು ಮೋಟಾರುಗಳಿಗೆ ಶಾಶ್ವತವಾಗಿ ಬಾಗಿಲು ಹಾಕಬೇಕು ಎಂದು ಅವಳ ಸಂಘ ಓಡಾಡುತ್ತಿತ್ತು. ಅದಕ್ಕೆ ಮೊದಲು ಜನರಿಗೆ ಆ ಜಾಗ ತೋರಿಸಬೇಕಲ್ಲ? 'ಬೆಲ್ ಕಣಿವೆಗೆ ನಡಿಗೆ, ಎಲ್ಲರೂ ಬನ್ನಿ' ಎಂಬ ಹಾಳೆಯನ್ನು ಕಿಟಕಿಗೆ ಅಂಟಿಸಲೇ ಎಂದು ಕೇಳಿದಳು.

"ಯಾರು ಕರ್ಕೊಂಡು ಹೋಗೋದು?" ಎಂದಳು ಗ್ರೇಸಿ, ಕತ್ತರಿ ನಿಲ್ಲಿಸದೆ.

"ನಾನೇ."

"ಆ ಕಣಿವೆ ನೋಡಿದೀಯಾ?"

"ನಕ್ಷೇಲಿ ನೋಡಿದೀನಿ."

ಕುರ್ಚಿಯಲ್ಲಿ ಕೂತಿದ್ದ ಗಿರಾಕಿ ನಕ್ಕಳು, ಗ್ರೇಸಿಯೂ ನಕ್ಕಳು. "ಅಯ್ಯೋ ಮಗಾ, ಅಲ್ಲಿ ನೀರು ಸಿಗೋದು ಒಂದೇ ಕಡೆ. ನಮ್ಮ ಐತಾಚಿ ಜೊತೆ ಬೇಸಿಗೇಲೆಲ್ಲಾ ಅಲ್ಲೇ ಇರ್ತಿದ್ದೆ. ಬಲಗಡೆ ದೊಡ್ಡ ಬಂಡೆ ಹಿಂದೆ ಇದೆ ಬುಗ್ಗೆ. ಕಣ್ಣು ಮುಚ್ಕೊಂಡು ತೋರಿಸ್ತೀನಿ" ಎಂದುಬಿಟ್ಟಳು ಗ್ರೇಸಿ.

"ಹಾಗಾದ್ರೆ ಬನ್ನಿ, ತೋರಿಸಿ."

ಬಾಯಿ ತಪ್ಪಿ ಆಡಿದ ಮಾತು. ಗಿರಾಕಿಯ ಎದುರಿಗೆ ಹಿಂದೆಗೆಯುವಂತೆಯೂ ಇರಲಿಲ್ಲ. ಅಂಗಡಿಗೆ ರಜೆಯಿದ್ದ ಸೋಮವಾರ, ಗಂಡನ ಕೆಲಸದ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಿ ಹಾಕಿಕೊಂಡು ಅವಳು ಹೊರಟಳು. ಕಣಿವೆಯ ಬಲಮಗ್ಗುಲಿನಲ್ಲಿ ಬಂಡೆಯಿಂದ ಬಂಡೆಗೆ ಮೆರೆಡಿತ್‌ಳನ್ನೂ ಇನ್ನು ನಾಲ್ಕು ಜನರನ್ನೂ ಅರ್ಧ ದಿನ ಓಡಾಡಿಸಿದಳು. ಬುಗ್ಗೆ ಇದ್ದದ್ದು ಎಡಗಡೆ. ಅದೂ ಸಿಕ್ಕಿದ್ದು ಒಬ್ಬ ಹೆಂಗಸು ಕಾಲು ಜಾರಿ ನೀರಿನಲ್ಲೇ ಕೂತಾಗ.

"ಕಣ್ಣು ಮುಚ್ಕೊಂಡು ತೋರಿಸ್ತೀನಿ ಅಂದಿದ್ರಿ. ನಿಜವಾಗ್ಲೂ ಮುಚ್ಕೊಂಡಿದ್ರಾ?" ಎಂದಳು ಮೆರೆಡಿತ್.

ಗ್ರೇಸಿ ಏದುಸಿರು ಬಿಡುತ್ತ ನಕ್ಕಳು. ಬುಗ್ಗೆಯ ಮೇಲ್ಭಾಗದಲ್ಲಿ ಆಸ್ಪೆನ್ ತೋಪು. ಸುಣ್ಣ ಬಳಿದಂತೆ ಬೆಳ್ಳಗಿನ ಕಾಂಡಗಳು, ಸಣ್ಣ ಗಾಳಿಗೂ ಕುಣಿಯುವ ಎಲೆಗಳು. ಒಂಟಿತನ ಕಳೆಯಲು ಕುರಿ ಕಾಯುವವರು ಚಾಕುವಿನ ತುದಿಯಲ್ಲಿ ಗೀರಿದ್ದ ಅಕ್ಷರಗಳು ಮರ ಬೆಳೆದಂತೆ ಕಪ್ಪಗೆ ಉಬ್ಬಿ ಇನ್ನೂ ನಿಂತಿದ್ದವು. ಹೆಸರುಗಳು, ಇಸವಿಗಳು, ಒಂದು ಮನೆ, ಒಂದು ಕುದುರೆ, ಉಡುಪಿಲ್ಲದ ಹೆಂಗಸರ ಚಿತ್ರಗಳು ಒಂದಷ್ಟು. ಚಿಕ್ಕಂದಿನಲ್ಲಿ ಆ ಮರಗಳ ಹತ್ತಿರ ಬಂದಾಗ ಐತಾಚಿ ತನ್ನ ಟೋಪಿ ತೆಗೆದು ಅವಳ ಮುಖಕ್ಕೆ ಮುಚ್ಚುತ್ತಿದ್ದ. ಈಗ ಟೋಪಿ ಮುಚ್ಚುವವರಿರಲಿಲ್ಲ. ಅವಳು ಒಂದೊಂದೇ ಮರದ ಮುಂದೆ ನಿಂತು ನೋಡಿದಳು. ನಲವತ್ತಕ್ಕೂ ಹೆಚ್ಚು ವರ್ಷ ಈ ಬೆಟ್ಟದ ಬುಡದಲ್ಲೇ ಇದ್ದು ಒಮ್ಮೆಯೂ ಬಾರದೆ ಹೋದೆನಲ್ಲ ಎನ್ನಿಸಿತು.

ಮರುದಿನ ಪಾರ್ಲರಿನಲ್ಲಿ ನಿಲ್ಲಲು ಆಗದೆ ಸ್ಟೂಲಿನ ಮೇಲೆ ಕೂತೇ ಕೂದಲು ಕತ್ತರಿಸಿದಳು. ಅದರ ಮುಂದಿನ ಸೋಮವಾರ ಮತ್ತೆ ಹೋದಳು.

ಹೀಗೆ ಶುರುವಾದದ್ದು ಸೋಮವಾರದ ನಡಿಗೆ. ಮೊದಲು ರೀನೋ ಕಡೆಯವರು ಬಂದರು, ಆಮೇಲೆ ಊರಿನ ಹೆಂಗಸರು ಬಂದರು. ಊರಿನವರು ಬಂದದ್ದು ಬೆಟ್ಟದ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಗ್ರೇಸಿಯ ಮಾತಿಗೆ. ಯಾವ ಮರ ಯಾವ ಜಾತಿ ಎಂದು ಮೆರೆಡಿತ್ ಹೇಳುತ್ತಿದ್ದಳು. ಯಾವ ಮರದ ಕೆಳಗೆ ಯಾರ ಮದುವೆ ನಿಶ್ಚಯವಾಗಿ ಯಾರದು ಮುರಿಯಿತು ಎಂದು ಗ್ರೇಸಿ ಹೇಳುತ್ತಿದ್ದಳು. ಅದರಲ್ಲಿ ಅರ್ಧ ಸುಳ್ಳಿದ್ದರೂ ಹತ್ತುವವರಿಗೆ ಏರು ಗೊತ್ತಾಗುತ್ತಿರಲಿಲ್ಲ.

ಆದರೆ ಊರು ಎರಡಾಯಿತು. ತಾಮ್ರದ ಗಣಿ ಮುಚ್ಚಿದ ಮೇಲೆ ಕೆಲಸವಿಲ್ಲದ ಊರು ಅದು. ಬೆಟ್ಟಕ್ಕೆ ಬಾಗಿಲು ಹಾಕಿದರೆ ನಾಳೆ ಹೊಸ ಗಣಿ ಬರುವ ಆಸೆಗೂ ಬಾಗಿಲು ಬಿತ್ತು ಎನ್ನುವವರು ಬಹಳ ಜನ. ಅವರನ್ನು ಮೂರ್ಖರು ಎನ್ನುವ ಹಾಗಿರಲಿಲ್ಲ. ಕೆಲವು ಗಿರಾಕಿಗಳು ಗ್ರೇಸಿಯನ್ನು ಬಿಟ್ಟು ದೂರದ ಊರಿನ ಪಾರ್ಲರಿಗೆ ಹೋದರು. ಹೋದವರು ತಲೆಯ ಮೇಲೆ ಹಕ್ಕಿಗೂಡು ಹೊತ್ತುಕೊಂಡು ಬಂದು ಒಂದು ತಿಂಗಳು ಸ್ಕಾರ್ಫ್ ಕಟ್ಟಿಕೊಂಡು ತಿರುಗಿದ್ದನ್ನು ನೋಡಿ ಗ್ರೇಸಿ ಏನೂ ಅನ್ನಲಿಲ್ಲ. ಅನ್ನಬೇಕು ಎಂದು ನಾಲಗೆ ತುರಿಸಿದ್ದು ಮಾತ್ರ ನಿಜ.

ವಿರೋಧಿಗಳ ಮುಂದಾಳು ರಾಸ್ ಟ್ರೆಮೇನ್. ಕೌಂಟಿಯ ಆಡಳಿತ ನೋಡುವ ಮೂವರು ಕಮಿಷನರುಗಳಲ್ಲಿ ಒಬ್ಬ, ದನ ಸಾಕುವವನು, ಗ್ರೇಸಿಯ ಜೊತೆಗೆ ಒಂದೇ ತರಗತಿಯಲ್ಲಿ ಓದಿದವನು. ಅವನ ತಾಯಿ ಓಪಲ್‌ಗೆ ಎಂಬತ್ತರ ಮೇಲಾಗಿತ್ತು. ಮಗ ಏನೇ ಅಂದರೂ ಪ್ರತಿ ಶನಿವಾರ ಗ್ರೇಸಿಯ ಕೈಯಲ್ಲೇ ಕೂದಲು ಸುರುಳಿ ಮಾಡಿಸಿಕೊಳ್ಳುವ ಪದ್ಧತಿಯನ್ನು ಅವಳು ಬಿಟ್ಟಿರಲಿಲ್ಲ. ಓಪಲ್‌ಗೆ ಕಿವಿ ಮಂದ. ಡ್ರೈಯರ್ ಕವಚಿದ ಮೇಲಂತೂ ತನ್ನ ದನಿಯೇ ತನಗೆ ಕೇಳದೆ, ಪಿಸುಮಾತು ಎಂದುಕೊಂಡು ಅಂಚೆ ಕಚೇರಿಯ ತನಕ ಕೇಳುವ ಹಾಗೆ ಮಾತಾಡುತ್ತಿದ್ದಳು.

ಹಾಗೆ ಒಂದು ಶನಿವಾರ, ಪಾರ್ಲರ್ ತುಂಬ ಜನ ಇದ್ದಾಗ, ಓಪಲ್ ಗ್ರೇಸಿಯನ್ನು ಬೆರಳು ಸನ್ನೆಯಿಂದ ಹತ್ತಿರ ಕರೆದಳು.

"ಗ್ರೇಸೀ! ಗುಟ್ಟು! ಯಾರಿಗೂ ಹೇಳ್ಬೇಡ! ಸೋಮವಾರ ನಿನ್ನ ಗಂಡನ್ನ ರಾಸ್ ಬೆಲ್ ಕಣಿವೆಗೆ ಕಳಿಸ್ತಾನಂತೆ! ಗ್ರೇಡರ್ ಹಾಕ್ಸಿ ಆ ಹಳೇ ಜಾಡನ್ನ ರಸ್ತೆ ಮಾಡಿಸ್ತಾನಂತೆ!"

ಕುರ್ಚಿಗಳಲ್ಲಿದ್ದವರೆಲ್ಲ ಪತ್ರಿಕೆಯಲ್ಲಿ ಮುಖ ಹುದುಗಿಸಿದರು.

ವಿಷಯ ಇಷ್ಟೇ. ಬೆಟ್ಟದಲ್ಲಿ ರಸ್ತೆ ಇದೆಯೋ ಇಲ್ಲವೋ ಎಂದು ನೋಡಲು ಸರ್ಕಾರದ ಕಡೆಯವರು ಆ ತಿಂಗಳು ಬರುವವರಿದ್ದರು. ಜೀಪು ಓಡಾಡಿ ತಾನಾಗಿ ಬಿದ್ದ ಜಾಡಾದರೆ ಅದು ರಸ್ತೆಯಲ್ಲ. ಯಂತ್ರ ಹಾಕಿ ಮಾಡಿದ್ದಾದರೆ ರಸ್ತೆ. ರಸ್ತೆ ಇದ್ದರೆ ಕಣಿವೆ ವನ್ಯಭೂಮಿಯ ಲೆಕ್ಕದಿಂದ ಹೊರಗೆ. ಕಣಿವೆಯ ಬಾಯಿಂದ ಬುಗ್ಗೆಯವರೆಗೆ ಯಾವ ಕಾಲದ್ದೋ ಒಂದು ಜೀಪಿನ ಜಾಡಿತ್ತು, ಅದರ ನಡುವೆ ಸೇಜ್ ಪೊದೆ ಸೊಂಟದೆತ್ತರ ಬೆಳೆದಿತ್ತು. ಲಮಾರ್ ಒಂದೇ ಒಂದು ದಿನ ಬ್ಲೇಡು ಎಳೆದರೆ ಮುಗಿಯಿತು.

ಗ್ರೇಸಿಗೆ ರಾಸ್ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಗಂಡನ ಮೇಲೆ. ಒಂದೇ ಹಾಸಿಗೆಯಲ್ಲಿ ಮಲಗುವವನು ಒಂದು ಮಾತು ಹೇಳಬಾರದಿತ್ತೆ? ಅವನೇ ಹೇಳಲಿ ಎಂದು ಶನಿವಾರ ಸಂಜೆ ಕಾದಳು. ಭಾನುವಾರ ಅವನಿಗೆ ಪ್ರಿಯವಾದ ಕುರಿಮಾಂಸದ ಸಾರು ಮಾಡಿ ಕಾದಳು. ಲಮಾರ್ ಎರಡು ಸಲ ಬಡಿಸಿಕೊಂಡು ಉಂಡ, ಹವಾಮಾನದ ಬಗ್ಗೆ ಮಾತಾಡಿದ, ನಾಯಿಯ ಬಗ್ಗೆ ಮಾತಾಡಿದ, ತಟ್ಟೆ ತಾನೇ ತೊಳೆದಿಟ್ಟ. ತಟ್ಟೆ ತೊಳೆದದ್ದು ನೋಡಿ ಅವಳಿಗೆ ಖಾತ್ರಿಯಾಯಿತು.

ಸೋಮವಾರ ಬೆಳಿಗ್ಗೆ ಅವಳು ತನ್ನ ಹನ್ನೆರಡು ಹದಿಮೂರು ಜನರೊಂದಿಗೆ ಜಾಡು ಹಿಡಿದು ಹೊರಟಳು. ಕಣಿವೆಯ ಮೊದಲ ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಗುಡುಗುಡು ಸದ್ದು. ಹಳದಿ ಗ್ರೇಡರ್ ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಬ್ಲೇಡು ಇನ್ನೂ ಮೇಲಿತ್ತು.

"ಊಟಕ್ಕೆ ಕೂರೋಣ" ಎಂದಳು ಗ್ರೇಸಿ.

"ಈಗ್ಲಾ? ಈಗ್ತಾನೆ ತಿಂಡಿ ತಿಂದಿದೀವಿ" ಎಂದಳು ಮೆರೆಡಿತ್.

"ನಂಗೆ ಹಸಿವು."

ಜಾಡಿನ ನಟ್ಟನಡುವೆ ಅವಳು ಕಾಲು ಚಾಚಿ ಕೂತಳು. ಮೆರೆಡಿತ್ ಒಮ್ಮೆ ಯಂತ್ರವನ್ನೂ ಒಮ್ಮೆ ಅವಳನ್ನೂ ನೋಡಿ ಪಕ್ಕದಲ್ಲೇ ಕೂತಳು. ಉಳಿದವರೂ ಹಿಂದೆ ಮುಂದೆ ನೋಡದೆ ಬುತ್ತಿ ಬಿಚ್ಚಿದರು. ಗ್ರೇಡರ್ ಹತ್ತು ಮಾರು ದೂರದಲ್ಲಿ ನಿಂತಿತು. ಲಮಾರ್ ಮೇಲಿನಿಂದ ಇಣುಕಿದ.

"ಗ್ರೇಸಿ, ಪಕ್ಕಕ್ಕೆ ಹೋಗೇ."

"ಊಟ ಮಾಡ್ತಿದೀವಿ, ಕಾಣಲ್ವಾ?"

"ಎಷ್ಟು ಹೊತ್ತು?"

"ನಿಧಾನಕ್ಕೆ ಅಗೀರಿ ಅಂತ ಡಾಕ್ಟ್ರು ಹೇಳಿದಾರೆ."

ಅವನು ಎಂಜಿನ್ ಆರಿಸಿದ. ಕಣಿವೆ ಇದ್ದಕ್ಕಿದ್ದ ಹಾಗೆ ಎಷ್ಟು ನಿಶ್ಶಬ್ದವಾಯಿತೆಂದರೆ ಯಾರೋ ಸೇಬು ಕಚ್ಚಿದ್ದು ಎಲ್ಲರಿಗೂ ಕೇಳಿಸಿತು. ಲಮಾರ್ ಇಳಿದು ಬಂದು ಹೆಂಡತಿಯ ಎದುರಿಗೆ ಟೋಪಿ ಕೈಯಲ್ಲಿ ಹಿಡಿದು ನಿಂತ.

"ನೀನು ಹೇಳ್ಬೋದಿತ್ತು" ಎಂದಳು ಗ್ರೇಸಿ.

"ನೀನು ಕೇಳ್ಬೋದಿತ್ತು."

"ಎರಡು ದಿನ ಕಾದೆ ಕಣೋ."

"ನಾನೂ ಎರಡು ದಿನದಿಂದ ಹೊಟ್ಟೇಲಿ ಕಲ್ಲಿಟ್ಕೊಂಡ ಹಾಗಿದೀನಿ. ಹೇಳಿದ್ರೆ ನೀನು ಬೇಡ ಅಂತೀಯ. ಬೇಡ ಅಂದ್ರೆ ನಾನು ರಾಸ್‌ಗೆ ಆಗಲ್ಲ ಅನ್ಬೇಕು. ಕೆಲಸ ಬಿಡೋಕೆ ಇನ್ನು ಎರಡೇ ವರ್ಷ ಇರೋನು ನಾನು." ಅವನ ಕಣ್ಣು ಅವಳ ಬುತ್ತಿಯ ಮೇಲೆ ಬಿತ್ತು. "ಅದು ಚೊರಿಸೋ ಅಲ್ವಾ?"

ಮಸಾಲೆ ಹಂದಿಮಾಂಸ ತುಂಬಿದ ದಪ್ಪ ಬ್ರೆಡ್ಡು. ಅವಳು ಅರ್ಧ ಮುರಿದು ಕೊಟ್ಟಳು. ಅವನು ಜಾಡಿನ ಮೇಲೇ ಕೂತ. ನಡಿಗೆಗೆ ಬಂದಿದ್ದ ಹೆಂಗಸರಿಗೆ ನಗು ತಡೆಯುವುದೇ ಕಷ್ಟವಾಯಿತು.

ಅಷ್ಟರಲ್ಲಿ ರಾಸ್‌ನ ಪಿಕಪ್ ಗಾಡಿ ಬಂತು. ಯಂತ್ರದ ಸದ್ದು ನಿಂತದ್ದು ಕೇಳಿ ಬಂದಿದ್ದ.

"ಲಮಾರ್! ಪಿಕ್ನಿಕ್ಕಿಗೆ ಬಂದಿದೀಯೇನಯ್ಯಾ?"

"ಊಟದ ಹೊತ್ತು" ಎಂದ ಲಮಾರ್, ಬಾಯಿ ತುಂಬ ಇಟ್ಟುಕೊಂಡು. ನುಂಗಿದ ಮೇಲೆ ನಿಧಾನವಾಗಿ ಸೇರಿಸಿದ: "ನೋಡು ರಾಸ್, ಮಾಡು ಅಂದ್ರೆ ಮಾಡ್ತೀನಿ. ಆದ್ರೆ ಇದು ಕೌಂಟಿ ನೆಲ ಅಲ್ಲ, ಕೇಂದ್ರ ಸರ್ಕಾರದ್ದು. ಒಂದು ಆದೇಶ ಬರ್ದು ಕೊಟ್ಬಿಡು."

"ನಾನು ಬಾಯಲ್ಲಿ ಹೇಳಿದ್ರೆ ಸಾಲ್ದಾ?"

"ಸಾಲ್ತದೆ. ನಾಳೆ ಯಾರಾದ್ರೂ ಬಂದು ಕೇಳ್ದಾಗ ನಿನ್ನ ಬಾಯಿ ಯಾವ ಊರಲ್ಲಿರ್ತದೋ ಅಂತ ಒಂದೇ ಯೋಚನೆ."

ರಾಸ್‌ನ ಮುಖ ಕೆಂಪಾಯಿತು. ಬರೆದುಕೊಡುವಂತಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅವನು ಗ್ರೇಸಿಯ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ನಿಂಗೇನೇ, ಕಾಲು ಗಟ್ಟಿ ಇದೆ, ಹತ್ತಿಬಿಡ್ತೀಯ. ನಮ್ಮಮ್ಮ? ಮದ್ವೆ ಆಗಿ ಬಂದ ಹೊಸದ್ರಲ್ಲಿ ಆ ಬುಗ್ಗೆ ಹತ್ರ ಬೇಸಿಗೆ ಕಳೆದೋಳು. ಇನ್ನೊಂದು ಸಲ ನೋಡ್ಬೇಕು ಅಂದ್ರೆ ಗಾಡೀಲೇ ಹೋಗ್ಬೇಕು. ನೀವು ಬಾಗ್ಲು ಹಾಕ್ತಿರೋದು ಅವಳಿಗೆ."

ರಾಸ್ ಗಾಡಿ ತಿರುಗಿಸಿಕೊಂಡು ಹೋದ. ಹಿಂದೆಯೇ ಗ್ರೇಡರ್ ಕೂಡ ಬ್ಲೇಡು ಇಳಿಸದೆ ಹೋಯಿತು. ಅವತ್ತು ನಡಿಗೆಯವರು ಬುಗ್ಗೆಯವರೆಗೂ ಹೋದರು, ಆದರೆ ಗ್ರೇಸಿ ಒಂದು ಕಥೆಯನ್ನೂ ಹೇಳಲಿಲ್ಲ.

ರಾಸ್‌ನ ಮಾತಿಗೆ ಉತ್ತರ ಬಂದದ್ದು ಓಪಲ್‌ಳಿಂದಲೇ. ಮಗ ತನ್ನ ಕಾಲಿನ ಹೆಸರು ಹೇಳಿ ವಾದ ಮಾಡಿದ ಸುದ್ದಿ ಅವಳಿಗೆ ಮುಟ್ಟಿತ್ತು. ಶನಿವಾರ ಬರುವಾಗ ಅವನನ್ನೂ ತೋಳು ಹಿಡಿದು ಎಳೆದುಕೊಂಡೇ ಬಂದಳು.

"ನನ್ನ ಕಾಲಿನ ಸಮಾಚಾರ ಊರಿಗೆಲ್ಲಾ ಹೇಳೋಕೆ ಇವನ್ಯಾರು? ನಂಗೆ ನಡೆಯಕ್ಕಾಗಲ್ಲ, ಒಪ್ಕೊಂಡೆ. ಕುದುರೆಗೂ ಕಾಲು ಬಿದ್ದೋಗಿದ್ಯಾ? ಗ್ರೇಸೀ, ನಿನ್ನ ಕಾನೂನಲ್ಲಿ ಕುದುರೆ ಹೋಗ್ಬೋದಾ ಇಲ್ವಾ?"

"ಹೋಗ್ಬೋದು" ಎಂದು ಕೂಗಿದಳು ಗ್ರೇಸಿ.

"ಸರಿ. ಸೋಮವಾರ ನಾನೂ ಬರ್ತೀನಿ. ಹಗ್ಗ ಹಿಡ್ಕೊಂಡು ಮುಂದೆ ನಡಿಯೋನು ಇವನೇ."

"ಅಮ್ಮಾ, ಬಿದ್ದು ಸೊಂಟ ಮುರ್ಕೊಂಡ್ರೆ?" ಎಂದ ರಾಸ್.

"ಏನಂದೆ?" ಎಂದಳು ಓಪಲ್. ಬೇಡದ ಮಾತು ಅವಳಿಗೆ ಎಂದೂ ಕೇಳಿಸುತ್ತಿರಲಿಲ್ಲ.

ಬಿಸ್ಕಿಟ್ ಎಂಬ ಹೆಸರಿನ ಮುದಿ ಹೆಣ್ಣುಕುದುರೆ ಸಿಕ್ಕಿತು. ಅದಕ್ಕೂ ಓಪಲ್‌ಗೂ ವಯಸ್ಸಿನಲ್ಲಿ ಅಂಥ ವ್ಯತ್ಯಾಸವಿಲ್ಲ ಎಂದು ಲಮಾರ್ ಅಂದ. ಅವನು ಅವತ್ತು ರಜೆ ಹಾಕಿದ್ದ. ಮುದುಕಿಯನ್ನು ಹತ್ತಿಸಲು ಇಳಿಸಲು ಗಟ್ಟಿ ಆಳು ಬೇಕೆಂದು ನೆಪ. ರಾಸ್ ಹಗ್ಗ ಹಿಡಿದು ಗೊಣಗುತ್ತ ಮುಂದೆ ನಡೆದ. ಓಪಲ್ ಅವತ್ತಿಗಾಗಿಯೇ ತುಟಿಗೆ ಬಣ್ಣ ಹಚ್ಚಿ, ಕೂದಲು ಕೆಡದಂತೆ ಬಲೆ ಹಾಕಿಕೊಂಡು ಬಂದಿದ್ದಳು.

ಕಣಿವೆಯ ಬಾಯಲ್ಲೇ ಇದ್ದ ಕೆಳಗಿನ ಆಸ್ಪೆನ್ ತೋಪು ಮೊದಲು ಬಂತು. ಅಲ್ಲಿಯವರೆಗೆ ಜೀಪುಗಳು ಬರುತ್ತಿದ್ದವು. ಮರಗಳ ಮೈಯೆಲ್ಲ ಗುಂಡಿನ ತೂತು, ಮೂರು ನಾಲ್ಕು ಮರ ಗರಗಸದಲ್ಲಿ ಕುಯ್ದು ಬೀಳಿಸಿದ್ದವು, ಬುಡದಲ್ಲಿ ಬಿಯರಿನ ಡಬ್ಬಗಳು. ಓಪಲ್ ಕುದುರೆ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದಳು.

ಮೇಲಿನ ತೋಪಿಗೆ ಬಂದಾಗ ಅವಳ ಮುಖವೇ ಬೇರೆಯಾಯಿತು. ಡೇರೆ ಇಲ್ಲಿತ್ತು, ಒಲೆ ಅಲ್ಲಿತ್ತು, ತಾನು ಬಟ್ಟೆ ಒಗೆದದ್ದು ಆ ಕಲ್ಲಿನ ಮೇಲೆ ಎಂದು ಕೋಲು ತೋರಿಸಿ ಹೇಳುತ್ತ ಹೋದಳು. ಗ್ರೇಸಿ ಮಾತ್ರ ಒಂದು ದಪ್ಪ ಮರದ ಮುಂದೆ ಬೆನ್ನು ಕೊಟ್ಟು ನಿಂತಿದ್ದಳು. ನಡಿಗೆಗೆ ಬಂದವರಿಗೆ ಅವಳು ಯಾವತ್ತೂ ತೋರಿಸದ ಮರ ಅದೊಂದೇ. ಟ್ರೆಮೇನ್ ಮನೆಯವರು ತನ್ನ ಗಿರಾಕಿಗಳು ಎಂಬ ಮರ್ಯಾದೆಗೆ.

"ಸ್ವಲ್ಪ ಸರಿ, ನೋಡ್ಬೇಕು" ಎಂದಳು ಓಪಲ್.

"ಏನಿಲ್ಲ, ಯಾರ್ದೋ ಹೆಸರು."

"ಯಾರ್ದೋ ಅಲ್ಲ, ನಮ್ದೇ ಹೆಸರು. ಟ್ರೆಮೇನ್ ಅಂತ ಇದೆ. ನಂಗೆ ಕೆಟ್ಟಿರೋದು ಕಿವಿ, ಕಣ್ಣಲ್ಲ. ಮುಂದೇನಿದೆ ಓದು."

"ಬಾಸ್ಕ್ ಭಾಷೆ, ಸರಿಯಾಗಿ ಬರಲ್ಲ" ಎಂದಳು ಗ್ರೇಸಿ ಮೆಲ್ಲಗೆ.

"ಕೇಳಿಸ್ಲಿಲ್ಲ! ಜೋರಾಗಿ!"

ಲಮಾರ್ ಹೆಂಡತಿಯ ಮುಖ ನೋಡಿ ದೂರ ಹೋಗಿ ನಿಂತ. ಗ್ರೇಸಿ ಉಸಿರೆಳೆದುಕೊಂಡಳು. ಓಪಲ್‌ಗೆ ಕೇಳಬೇಕೆಂದರೆ ಕೂಗದೆ ವಿಧಿಯಿರಲಿಲ್ಲ.

"ಟ್ರೆಮೇನ್ ಜಿಪುಣ!" ಎಂದು ಕೂಗಿದಳು. ಕಣಿವೆಯ ಆಚೆಯ ಗೋಡೆ 'ಜಿಪುಣ, ಜಿಪುಣ' ಎಂದು ಎರಡು ಸಲ ಹೇಳಿತು. "ಬೀನ್ಸ್ ಕಳಿಸ್ತಾನೆ! ಉಪ್ಪು ಕಳಿಸಲ್ಲ!"

ರಾಸ್‌ನ ಕೈಯಲ್ಲಿದ್ದ ಹಗ್ಗ ಜಾರಿತು. ಅಲ್ಲಿದ್ದವರೆಲ್ಲ ಮೋಡ ನೋಡಲು ಶುರುಮಾಡಿದರು. ಓಪಲ್ ಮರವನ್ನು ದಿಟ್ಟಿಸಿದಳು. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡು ಗ್ರೇಸಿ ಓಡಿಬಂದರೆ, ಮುದುಕಿ ತಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದಳು.

"ಉಪ್ಪೊಂದೇನಾ? ನಮ್ಮಾವ ಸಕ್ಕರೆ ಡಬ್ಬಕ್ಕೂ ಬೀಗ ಹಾಕ್ತಿದ್ದ! ಬೀಗದ ಕೈ ಕೊರಳಲ್ಲಿ ಕಟ್ಕೊಂಡೇ ಮಲಗ್ತಿದ್ದ! ನನ್ನ ಬಾಣಂತನದಲ್ಲೂ ಕಾಫಿಗೆ ಅರ್ಧ ಚಮಚ! ಅಯ್ಯೋ ದೇವರೇ, ಇಷ್ಟು ವರ್ಷ ನಾನೊಬ್ಳೇ ಹಾಗಂದ್ಕೊಂಡಿದ್ದೆ ಅಂತ ತಿಳಿದಿದ್ದೆ!"

"ಯಾರು ಬರೆದದ್ದು ಇದು?" ಎಂದ ರಾಸ್.

"ಕೆಳಗೆ ನೋಡು" ಎಂದಳು ಗ್ರೇಸಿ. "ಬೆತ್ತಿರಿ ಎಚೆವೆರಿ. ನಮ್ಮ ಐತಾಚಿ. ನಿಮ್ಮ ತಾತನ ಕುರಿ ಕಾಯ್ತಿದ್ದ."

ರಾಸ್ ಬಹಳ ಹೊತ್ತು ಮರ ನೋಡಿದ. ಕಿವಿಯವರೆಗೂ ಕೆಂಪಾಗಿದ್ದ. "ಅಕ್ಷರ ಮಾತ್ರ ಚೆನ್ನಾಗಿದೆ" ಎಂದ ಕೊನೆಗೆ.

ಅವತ್ತಿನಿಂದ ಅವನು ಬದಲಾಗಿಬಿಟ್ಟ ಎಂದರೆ ಸುಳ್ಳಾಗುತ್ತದೆ. ಇಳಿಯುವಾಗ ಕೆಳಗಿನ ತೋಪಿನಲ್ಲಿ ಓಪಲ್ ಮತ್ತೆ ಕುದುರೆ ನಿಲ್ಲಿಸಿ, "ರಾಸ್, ಇಲ್ಲಿಗೆ ಗಾಡಿ ಬರ್ತದಾ?" ಎಂದು ಕೇಳಿದಳು. ಬರುತ್ತದೆ ಎಂದ. "ಮೇಲಕ್ಕೆ?" ಇಲ್ಲ ಎಂದ. ಅವಳು ಹೂಂಗುಟ್ಟಿದಳು, ಅಷ್ಟೇ. ಆದರೆ ಗ್ರೇಡರ್ ಮಾತು ಮತ್ತೆ ಏಳಲಿಲ್ಲ, ಸರ್ಕಾರದವರು ಬಂದು ಜಾಡು ನೋಡಿ ಅದು ರಸ್ತೆಯಲ್ಲ ಎಂದು ಬರೆದುಕೊಂಡು ಹೋದರು.

ಚಳಿಗಾಲದ ಮೊದಲು ಶಾಲೆಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸಭೆ ಸೇರಿತು. ಊರಿಗೆ ಊರೇ ಬಂದಿತ್ತು. ಮೆರೆಡಿತ್ ಅಂಕಿ ಅಂಶ ಹೇಳಿದಳು, ಜನ ಆಕಳಿಸಿದರು. ಗ್ರೇಸಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಭಾಷಣ ಎದ್ದು ನಿಂತ ಕೂಡಲೇ ಮರೆತುಹೋಯಿತು. ಎದುರಿಗೆ ಕಂಡದ್ದು ಬರೀ ತಲೆಗಳು. ಯಾರಿಗೆ ಬಣ್ಣ ಹಚ್ಚುವ ಕಾಲ ಬಂತು, ಯಾರ ತಲೆ ಬೇರೆಯವರು ಕೆಡಿಸಿದ್ದು ಎಂಬುದೇ ಮನಸ್ಸಿಗೆ ಬಂತು.

"ಇಲ್ಲಿರೋ ಅರ್ಧ ಜನರನ್ನ ಆ ಕಣಿವೆಗೆ ಕರ್ಕೊಂಡು ಹೋಗಿದೀನಿ" ಎಂದಳು. "ಕಾಲು ನೋವು ಅಂದ್ರಿ, ಗ್ರೇಸಿ ದಾರಿ ತಪ್ಪಿಸ್ತಾಳೆ ಅಂದ್ರಿ. ಅಲ್ಲೊಂದು ರಸ್ತೆ ಇರ್ಬೇಕಿತ್ತು ಅಂತ ಮಾತ್ರ ಒಬ್ರೂ ಅನ್ಲಿಲ್ಲ."

"ಲಮಾರ್ ಅಂದಿದ್ದ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಅವನು ಹಸಿದಿದ್ದ" ಎಂದಳು ಗ್ರೇಸಿ. ಸಭೆ ಗೊಳ್ಳೆಂದಿತು. "ಉಳಿದರ್ಧ ಜನ ಬರೋ ಸೋಮವಾರ ಬನ್ನಿ. ನೋಡಿ ಬಂದು ಆಮೇಲೆ ಬೈರಿ."

ಕೊನೆಗೆ ಎದ್ದವನು ರಾಸ್. ಟೋಪಿ ತಿರುಗಿಸುತ್ತ ಮಾತಾಡಿದ. ಪೂರ್ತಿ ಬೆಟ್ಟ ಕೊಡುವುದಕ್ಕೆ ತಾನು ಈಗಲೂ ಒಪ್ಪುವುದಿಲ್ಲ. ತಪ್ಪಲಿನ ಬಯಲನ್ನು ಹೊರಗೆ ಬಿಡಬೇಕು, ದನ ಕುರಿ ಮೇಯುವುದಕ್ಕೆ ಅಡ್ಡಿ ಮಾಡಬಾರದು, ತಪ್ಪಲಿನಲ್ಲಿ ದನಗಳಿಗೆ ನೀರು ತರುವ ಕೊಳವೆಯವರೆಗೆ ಗಾಡಿ ಹೋಗಬೇಕು. "ಬುಗ್ಗೆಯಿಂದ ಮೇಲಿನದು ಹೇಗಿದ್ಯೋ ಹಾಗೇ ಇರ್ಲಿ. ನಮ್ಮಮ್ಮ ಹಾಗಂತಾಳೆ" ಎಂದು ಕೂತುಬಿಟ್ಟ. ಮುಂದಿನ ಸಾಲಿನಲ್ಲಿದ್ದ ಓಪಲ್, "ಏನಂದ?" ಎಂದು ಪಕ್ಕದವರನ್ನು ಕೇಳಿದ್ದು ಅಂಗಳಕ್ಕೆಲ್ಲ ಕೇಳಿಸಿತು.

ಆ ರಾತ್ರಿ ಹಳೆಯ ಬಾಸ್ಕ್ ಹೋಟೆಲಿನ ಉದ್ದ ಮೇಜಿನಲ್ಲಿ ಎಲ್ಲರೂ ಉಂಡರು. ತಪ್ಪಲು ಕೈತಪ್ಪಿತೆಂದು ಮೆರೆಡಿತ್‌ಗೆ ಊಟ ಸೇರಲಿಲ್ಲ. ಅಲ್ಲಿ ಜಿಂಕೆಗಳು ಚಳಿಗಾಲ ಕಳೆಯುತ್ತವೆ ಎಂದು ಮತ್ತೆ ಮತ್ತೆ ಹೇಳಿದಳು. ಅವಳ ಮಾತು ಸರಿಯಿತ್ತು. ಗ್ರೇಸಿ ಅವಳ ಲೋಟಕ್ಕೆ ವೈನ್ ಬಗ್ಗಿಸಿ ಪಕ್ಕದಲ್ಲಿ ಕೂತಳು.

ಆಮೇಲೆ ಕಾಯುವ ಕೆಲಸ. ರಾಜಧಾನಿಯಲ್ಲಿ ಮಸೂದೆ ಒಂದು ವರ್ಷ ಬಿತ್ತು, ಇನ್ನೊಂದು ವರ್ಷ ಎದ್ದಿತು. ನಡಿಗೆ ಮಾತ್ರ ನಿಲ್ಲಲಿಲ್ಲ. ಲಮಾರ್ ಕೆಲಸದಿಂದ ನಿವೃತ್ತನಾಗಿ ವ್ಯಾನು ಓಡಿಸುವವನಾದ. ಜನರನ್ನು ಕಣಿವೆಯ ಬಾಯಲ್ಲಿ ಇಳಿಸಿ, ಅವರು ಬರುವವರೆಗೆ ಜುನಿಪರ್ ಮರದ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ.

ಮೂರನೆಯ ಚಳಿಗಾಲದಲ್ಲಿ ಓಪಲ್ ನಿದ್ದೆಯಲ್ಲೇ ಹೋದಳು. ರಾಸ್ ಪಾರ್ಲರಿನ ಬಾಗಿಲಿಗೆ ಬಂದು ಒಳಗೆ ಬಾರದೆ ನಿಂತ. ಏನು ಕೇಳಲು ಬಂದಿದ್ದಾನೆಂದು ಗ್ರೇಸಿಗೆ ಗೊತ್ತಾಯಿತು. ಅವಳು ಬಾಚಣಿಗೆ, ರೋಲರುಗಳನ್ನು ಚೀಲಕ್ಕೆ ಹಾಕಿಕೊಂಡು ಅವನ ಜೊತೆ ಹೋಗಿ, ಶವಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ಮುದುಕಿಯ ಕೂದಲನ್ನು ಶನಿವಾರದ ಹಾಗೆಯೇ ಸುರುಳಿ ಮಾಡಿದಳು. ಹೊರಡುವಾಗ ರಾಸ್, "ಹಿಂದ್ಗಡೆ ಚಪ್ಪಟೆಯಾಗಿಲ್ಲ ತಾನೆ? ಅವಳಿಗೆ ಅದೇ ಚಿಂತೆ ಇರ್ತಿತ್ತು" ಎಂದ. "ಇಲ್ಲ ಕಣೋ" ಎಂದಳು.

ಕಾನೂನು ಬಂದದ್ದು ಅದರ ಮುಂದಿನ ಶರತ್ಕಾಲದಲ್ಲಿ, ಯಾರೂ ಎದುರು ನೋಡದಿದ್ದ ಒಂದು ವಾರದಲ್ಲಿ. ಮೆರೆಡಿತ್ ಫೋನು ಮಾಡಿದಾಗ ಗ್ರೇಸಿ ಯಾರಿಗೋ ಬಣ್ಣ ಹಚ್ಚುತ್ತಿದ್ದಳು. ಅರ್ಧಕ್ಕೆ ಬಿಡುವ ಹಾಗಿರಲಿಲ್ಲ. ಅಳುತ್ತಲೇ ಹಚ್ಚಿ ಮುಗಿಸಿದಳು. ಬಣ್ಣ ಒಂದು ಕಡೆ ಸ್ವಲ್ಪ ಹೆಚ್ಚಾಯಿತು, ಗಿರಾಕಿ ಕ್ಷಮಿಸಿದಳು.

ಪೈಪ್‌ಸ್ಟೆಮ್ ಬೆಟ್ಟದ ನೆತ್ತಿಗೆ ಗ್ರೇಸಿ ಅಲ್ಲಿಯವರೆಗೆ ಹೋಗಿರಲಿಲ್ಲ. ಬುಗ್ಗೆಯಿಂದ ಮೇಲೆ ದಾರಿಯಿಲ್ಲ, ಗಾಳಿ ಜೋರು. ಮೊದಲ ಹಿಮ ಬೀಳುವ ಮುಂಚೆ ಒಮ್ಮೆ ಹೋಗಿಬಿಡೋಣ ಎಂದು ಒಂದು ಸೋಮವಾರ ಗಂಡನನ್ನು ಎಬ್ಬಿಸಿದಳು. ಜುನಿಪರ್ ನೆರಳಲ್ಲಿ ಮಲಗುತ್ತೇನೆ ಎಂದ ಅವನನ್ನು ಬಿಡಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು, ಬೈದುಕೊಂಡು, ನೀರು ಕುಡಿದುಕೊಂಡು, ಇಬ್ಬರೂ ಮಧ್ಯಾಹ್ನ ದಾಟಿದ ಮೇಲೆ ನೆತ್ತಿ ಸೇರಿದರು. ಅಲ್ಲಿ ಸಾವಿರಾರು ವರ್ಷ ವಯಸ್ಸಿನ ಬ್ರಿಸಲ್‌ಕೋನ್ ಪೈನ್ ಮರಗಳು ಗಾಳಿಗೆ ತಿರುಚಿಕೊಂಡು, ಅರ್ಧ ಒಣಗಿ ಅರ್ಧ ಹಸಿರಾಗಿ ನಿಂತಿದ್ದವು. ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಬೆಟ್ಟ, ಬಯಲು, ಮತ್ತೆ ಬೆಟ್ಟ.

ಲಮಾರ್ ಒಂದು ಮರಕ್ಕೆ ಒರಗಿ ಉಸಿರು ಸುಧಾರಿಸಿಕೊಂಡ. ಸುತ್ತ ಒಂದು ಸಲ ನೋಡಿದ.

"ನಮ್ಮ ಮನೆ ಕಾಣ್ತದಾ ಇಲ್ಲಿಂದ?"

"ಇಲ್ಲ" ಎಂದಳು ಗ್ರೇಸಿ, ಹಣೆಗೆ ಕೈಯಿಟ್ಟು ಹುಡುಕಿ. "ಆ ಗುಡ್ಡ ಅಡ್ಡ ಬರ್ತದೆ."

"ಒಳ್ಳೇದಾಯ್ತು. ಸೂರು ರಿಪೇರಿ ಮಾಡ್ಬೇಕಿತ್ತು, ನೆನಪಾಗಿಬಿಡ್ತಿತ್ತು."

ಅವಳು ನಕ್ಕು ಅವನ ಪಕ್ಕದಲ್ಲಿ ಕೂತಳು. ಗಾಳಿಗೆ ಬೆನ್ನು ಕೊಟ್ಟು ಇಬ್ಬರೂ ಬಿಸಿಲು ಕಾಯಿಸಿದರು.